ಸಿರುಗುಪ್ಪ ಮುಟ್ಟದ ಕಾರು

ಬಾವ, ಆ ದಿನ ನಮ್ಮ ಶೆಡ್ಡಿನಲ್ಲಿ ಕರೆಂಟ್ ಹೋಗಿರಲಿಲ್ಲ. ಸ್ವಿಚ್ಚು ಆರಿಸಿದವನು ನಾನು — ನಿಮ್ಮ ಹೆಂಡತಿಯ ಖಾಸಾ ತಮ್ಮ, ನೀವು ಬಾಯ್ತುಂಬ ‘ಪಂಪಾ’ ಎಂದು ಕರೆಯುವ ಈ ಪಂಪಾಪತಿ.

ಇದನ್ನು ಎದುರಿಗೇ ಹೇಳಬೇಕೆಂದು ಎಷ್ಟೋ ಸಲ ಬಳ್ಳಾರಿಗೆ ಬಂದಿದ್ದೇನೆ. ನಿಮ್ಮ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಕೂತು ಚಹಾ ಕುಡಿದೆ, ಅಕ್ಕ ಮಾಡಿಕೊಟ್ಟ ಮಂಡಕ್ಕಿ ಒಗ್ಗರಣೆ ತಿಂದೆ, ಮತ್ತೆ — ಮತ್ತೆ ಬಸ್ಸಿನ ಹೊತ್ತಾಯಿತೆಂದು ಎದ್ದು ಬಂದೆ. ಬಾಯಿಂದ ಬಾರದ್ದನ್ನು ಈಗ ಬರೆಯುತ್ತಿದ್ದೇನೆ.

ಅದು ಕಬ್ಬಿಣದ ಅದಿರಿನ ಕಾಲ. ನಮ್ಮ ಕಡೆಯ ಕೆಂಪು ಮಣ್ಣು ಹಡಗು ಹತ್ತಿ ಚೀನಾಕ್ಕೆ ಹೋಗುತ್ತಿತ್ತು, ನಮ್ಮ ತಲೆಗಳು ಊರಲ್ಲೇ ತಿರುಗುತ್ತಿದ್ದವು. ನಾನು ಹೊಲ ಬಿಟ್ಟು ಟಿಪ್ಪರ್ ಇಟ್ಟೆ. ಕುರುಗೋಡಿನ ಮನೆಯ ಹಿಂದೆ ಶೆಡ್ಡು ಹಾಕಿಸಿದೆ. ಓಣಿಯಲ್ಲಿ ತಿರುಗಿಸಲೂ ಬಾರದಂಥ ದೊಡ್ಡ ಬಿಳಿ ಡೀಸೆಲ್ ಗಾಡಿ ತಂದು ಬಾಗಿಲಿಗೆ ನಿಲ್ಲಿಸಿದೆ. ಅದೇ ದಿನಗಳಲ್ಲಿ ನೀವು ಬೆಂಗಳೂರಿನಿಂದ ಪುಟ್ಟ ಕರೆಂಟ್ ಕಾರು ತಂದಿರಿ. ಎರಡೇ ಬಾಗಿಲು, ಹಿಂದಿನ ಸೀಟು ಮಕ್ಕಳಿಗಷ್ಟೇ. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ.

ನಕ್ಕದ್ದು ಹೊರಗೆ. ಒಳಗೆ ಬೇರೆಯೇ ಇತ್ತು.

ನೀವು ಮೊದಲ ಸಲ ಅದರಲ್ಲಿ ಬಂದಾಗ ಅಪ್ಪ ಅಂಗಳದಲ್ಲಿ ಮೆಣಸಿನಕಾಯಿ ಒಣಹಾಕುತ್ತಿದ್ದರು. ನನ್ನ ಟಿಪ್ಪರ್ ಬಂತೆಂದರೆ ಓಡಿ ಕಾಯಿಗೆ ತಾಡಪತ್ರಿ ಹೊದಿಸುವ ಮನುಷ್ಯ, ನಿಮ್ಮ ಕಾರು ಪಕ್ಕಕ್ಕೆ ಬಂದು ನಿಂತರೂ ತಿರುಗಿ ನೋಡಲಿಲ್ಲ. ಹೊಗೆಯಿಲ್ಲ, ಸದ್ದಿಲ್ಲ, ಧೂಳೂ ಅಷ್ಟಿಲ್ಲ. ಆಮೇಲೆ ನೀವು ಅವರನ್ನು ಕೂರಿಸಿಕೊಂಡು ಕಾಲುವೆ ದಂಡೆಗುಂಟ ಒಂದು ಸುತ್ತು ಹೋಗಿ ಬಂದಿರಿ. ಇಳಿದ ಅಪ್ಪನ ಮುಖ — ಬಾವ, ನಾನು ಮೊದಲ ಟಿಪ್ಪರ್ ತಂದ ದಿನವೂ ಆ ಮುಖ ನೋಡಿರಲಿಲ್ಲ.

“ಬೆಳ್ಳಕ್ಕಿ ಕುಂತಲ್ಲೇ ಕುಂತಿದ್ವು ಲೇ, ಒಂದೂ ಹಾರ್ಲಿಲ್ಲ! ಗಾಡಿ ಅಂದ್ರ ಇದು!”

ನನ್ನ ಗಾಡಿಯನ್ನು ಅವರು ಒಮ್ಮೆಯೂ ಹತ್ತಿರಲಿಲ್ಲ. ವಾಸನೆಗೆ ತಲೆ ಸುತ್ತುತ್ತದೆ ಎನ್ನುತ್ತಿದ್ದರು.

ಹೊಟ್ಟೆಕಿಚ್ಚಿಗೆ ನಾನು ವಾದ ತೆಗೆದೆ. “ನಿಮ್ಮ ಕರೆಂಟ್ ಏನ್ ಮುಗಿಲಿಂದ ಇಳಿತೈತೇನ್ರಿ ಬಾವ? ಅದೂ ಕಲ್ಲಿದ್ದಲು ಸುಟ್ಟಿದ್ದೇ!” ನೀವು ಸಿಟ್ಟಾಗಲಿಲ್ಲ. “ಖರೇ ಐತಿ ಪಂಪಾ. ಆದ್ರ ಒಂದು ಚಿಮಣಿ ಹೊಗಿನ ನಾಳೆ ಯಾರಾದ್ರೂ ತಡಿಬೌದು. ಓಣಿ ಓಣ್ಯಾಗ ಕೂಸಿನ ಮೂಗಿನ ಮುಂದ ಬಿಟ್ಟ ಹೊಗಿನ ಯಾರು ಹಿಡಿಯಾವ್ರು?” ಎಂದಿರಿ. ಬಳ್ಳಾರಿಯಲ್ಲಿ ಎಲ್ಲರೂ ನೆಲ ಅಗೆಯುವುದರ ಬಗ್ಗೆಯೇ ಮಾತಾಡುತ್ತಿದ್ದಾಗ, ಹೀಗೆ ಯೋಚಿಸುತ್ತಿದ್ದವರು ನೀವೊಬ್ಬರೇ. ಅದು ನನಗೆ ಆಗಲೇ ಗೊತ್ತಿತ್ತು. ಗೊತ್ತಿದ್ದೂ —

ಆ ದಿನಕ್ಕೆ ಬರುತ್ತೇನೆ. ಸಿರುಗುಪ್ಪದ ಅಕ್ಕಿ ಮಿಲ್ಲಿನವರು ಕೆಲವರು ನಿಮ್ಮ ಕಾರು ನೋಡಬೇಕೆಂದಿದ್ದರು. ಅವರು ಬುಕ್ ಮಾಡಿದರೆ ಬಳ್ಳಾರಿಯ ಏಜೆನ್ಸಿ ನಿಮಗೇ ಎಂದು ಕಂಪನಿಯವರು ಮಾತು ಕೊಟ್ಟಿದ್ದರು. ಆಗ ಇಂಥ ಕಾರು ಬೇಕೆಂದರೂ, ಕೆಟ್ಟರೂ ಬೆಂಗಳೂರಿಗೇ ಹೋಗಬೇಕಿತ್ತು. ಅದನ್ನು ನಮ್ಮ ಮಂದಿಯ ಕೈಗೆ ಸಿಗುವಂತೆ ಮಾಡಬೇಕೆಂಬುದೇ ನಿಮ್ಮ ಹುಚ್ಚು. ಬೆಳಗ್ಗೆಯೆಲ್ಲ ಬಳ್ಳಾರಿಯಲ್ಲಿ ಯಾರಿಗೋ ತೋರಿಸುತ್ತ ತಿರುಗಾಡಿ, ಮಧ್ಯಾಹ್ನ ನಮ್ಮಲ್ಲಿ ಚಾರ್ಜ್ ಮಾಡಿಕೊಂಡು ಮುಂದೆ ಹೋಗುವುದೆಂದು ಬಂದಿರಿ.

ಬಂದವರು ಉಣ್ಣದೆ ನಮ್ಮ ಹೊಸಿಲು ದಾಟಬಾರದು. ಅದು ಅಪ್ಪನ ಪಟ್ಟು. “ಮೊದ್ಲು ಗಾಡಿಗೆ ಉಣ್ಣಾಕ ಹಾಕು ಲೇ ಪಂಪಾ, ಆಮ್ಯಾಲೆ ನಾವು ಕುಂದ್ರಾಮು” ಎಂದರು ನಗುತ್ತ. ನಾನೇ ವೈರು ಶೆಡ್ಡಿಗೆ ಎಳೆದು ಸಿಕ್ಕಿಸಿದೆ. ನೀವೂ ಅಪ್ಪನೂ ರೊಟ್ಟಿಗೆ ಕೂತಿರಿ. ಜೊತೆಗೆ ತಾವೂ ಸಿರುಗುಪ್ಪಕ್ಕೆ ಬರುವುದಾಗಿ ಅಪ್ಪ ಹೇಳಿದ್ದು ನನ್ನ ಕಿವಿಗೆ ಬಿತ್ತು, ಹೊಸ ರುಮಾಲು ಕೇಳಿದ್ದೂ ಬಿತ್ತು. ಶೆಡ್ಡಿಗೆ ಹೋಗಿ ಸ್ವಿಚ್ಚು ಆರಿಸಿದೆ. ಊಟ ಮುಗಿಯುವ ಹೊತ್ತಿಗೆ ಮತ್ತೆ ಹಾಕಿದೆ.

ಕಾರಿನ ಚಾರ್ಜ್ ತೋರಿಸುವ ಮುಳ್ಳು ಏರಿರಲಿಲ್ಲ. ನೀವು ನನ್ನ ಮುಖ ನೋಡಿದಿರಿ.

“ಶೆಡ್ಡಿನ ಫೇಸ್ ಹೋಗಿತ್ರಿ ಬಾವ. ಈಗ ಬಂತು.”

ಒಳಗೆ ಫ್ಯಾನು ತಿರುಗುತ್ತಲೇ ಇತ್ತು. ಆದರೂ ನಂಬಿದಿರಿ. ನಮ್ಮೂರಲ್ಲಿ ಒಂದು ಫೇಸ್ ಹೋಗಿ, ಮನೆಯಲ್ಲಿ ಕರೆಂಟ್ ಇದ್ದರೂ ಶೆಡ್ಡಿನಲ್ಲಿ ಇಲ್ಲದಿರುವುದು ಹೊಸದಲ್ಲ, ಹೆಂಡತಿಯ ತಮ್ಮ ಸುಳ್ಳು ಹೇಳುತ್ತಾನೆಂದು ಯಾರು ಅಂದುಕೊಳ್ಳುತ್ತಾರೆ? ಮಿಲ್ಲಿನವರು ಕಾಯುತ್ತಿದ್ದರು. ನಿಧಾನಕ್ಕೆ ಹೋದರೆ ಮುಟ್ಟಬಹುದು ಎಂದು ಹೊರಟಿರಿ. ತಡೆಯಬಹುದಿತ್ತು. ಕೈ ಬೀಸಿ ಕಳಿಸಿದೆ.

ಮುಟ್ಟಲಿಲ್ಲ. ಸಿರುಗುಪ್ಪ ಇನ್ನೂ ದೂರವಿರುವಾಗಲೇ ಕಾರು ನಿಂತಿತು. ಭತ್ತ ಹೇರಿದ ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ಎಳೆಸಿಕೊಂಡೇ ಮಿಲ್ಲಿನ ಅಂಗಳಕ್ಕೆ ಹೋದಿರಂತೆ. ನೆರೆದವರೆಲ್ಲ ಶಿಳ್ಳೆ ಹೊಡೆದರಂತೆ. ರುಮಾಲು ಕಟ್ಟಿದ ಅಪ್ಪ ತಲೆ ಬಗ್ಗಿಸಿ ಇಳಿದರಂತೆ. ಬುಕಿಂಗ್ ಆಗಲಿಲ್ಲ, ಏಜೆನ್ಸಿ ಬರಲಿಲ್ಲ, ಕೊನೆಗೆ ಕಾರನ್ನೂ ಮಾರಿದಿರಿ. ಎಲ್ಲಕ್ಕಿಂತ ನನ್ನನ್ನು ಸುಡುವುದು ಆ ಸಂಜೆ ನೀವು ಫೋನಿನಲ್ಲಿ ಹೇಳಿದ ಮಾತು: “ನೀ ಮನಸಿಗೆ ಹಚ್ಕೋಬ್ಯಾಡ ಪಂಪಾ. ಫೇಸ್ ಹೋದ್ರ ನೀ ಏನ್ ಮಾಡಾಕಾಗ್ತೈತಿ?”

ಮುಂದಿನ ವಾರ ಅಪ್ಪ ಆಸ್ಪತ್ರೆಗೆ ಹೋಗಲು ನನ್ನ ಡೀಸೆಲ್ ಗಾಡಿ ಹತ್ತಿದರು. ನಾನು ಬಯಸಿದ್ದು ಅದೇ ಅಲ್ಲವೇ? ದಾರಿಯುದ್ದಕ್ಕೂ ಮೂಗಿಗೆ ಟವೆಲು ಒತ್ತಿಕೊಂಡು ಕೂತಿದ್ದರು.

ಈಗ ಬಳ್ಳಾರಿಯಲ್ಲಿ ಕರೆಂಟ್ ಕಾರಿನ ಶೋರೂಮುಗಳಿವೆ. ಸ್ಟೇಷನ್ನಿನ ಮುಂದೆ ಕರೆಂಟ್ ಆಟೋಗಳು ಸದ್ದಿಲ್ಲದೆ ಬಂದು ನಿಲ್ಲುತ್ತವೆ. ಒಂದೊಂದನ್ನು ನೋಡಿದಾಗಲೂ ಬಾವ, ನಿಮ್ಮ ಮೇಲಿನ ಅಭಿಮಾನ ಉಕ್ಕುತ್ತದೆ. ಅದರ ಬೆನ್ನಿಗೇ ನಾಚಿಕೆ. ಆದರೂ ಸಿರುಗುಪ್ಪದಲ್ಲಿ ಇವತ್ತಿಗೂ ನಡುದಾರಿಯಲ್ಲಿ ನಿಂತ ಗಾಡಿಯನ್ನು ನಿಮ್ಮ ಹೆಸರು ಹಿಡಿದೇ ‘ಶೇಖರಪ್ಪನ ಕಾರು’ ಎನ್ನುತ್ತಾರೆ. ನನ್ನೆದುರೇ ಎಂದಿದ್ದಾರೆ. ನಾನು ಸುಮ್ಮನಿದ್ದೇನೆ.

ಇನ್ನು ಸುಮ್ಮನಿರುವುದಿಲ್ಲ. ಈ ಸೋಮವಾರ ಮೊದಲು ಸಿರುಗುಪ್ಪಕ್ಕೆ ಹೋಗುತ್ತೇನೆ. ಅಂದು ನಕ್ಕವರಲ್ಲಿ ಇರುವವರನ್ನೆಲ್ಲ ಆ ಮಿಲ್ಲಿನ ಅಂಗಳಕ್ಕೆ ಕರೆದು, ಕಾರಿನದೂ ತಪ್ಪಲ್ಲ, ಶೇಖರಪ್ಪನವರದೂ ಅಲ್ಲ, ನನ್ನದು ಎಂದು ಹೇಳುತ್ತೇನೆ. ಅಲ್ಲಿಂದ ನೇರ ನಿಮ್ಮ ಬಾಗಿಲಿಗೆ ಬರುತ್ತೇನೆ. ಒಳಗೆ ಕರೆಯುವುದು ಬಿಡುವುದು ನಿಮಗೂ ಅಕ್ಕನಿಗೂ ಬಿಟ್ಟದ್ದು.

ಅಪ್ಪನಿಗೂ ಹೇಳಬೇಕಿತ್ತು. ಅವರಿದ್ದಾಗ ಹೇಳಲಿಲ್ಲ.