ಹುಣಸೆಹಣ್ಣು ಹಚ್ಚಿ ತಿಕ್ಕಿದ ಕನ್ನಡಕ

ಹೊಸಪೇಟೆಯ ವರ್ಕ್‌ಶಾಪೊಂದರಲ್ಲಿ ತುಕ್ಕು ತೆಗೆಯುವುದು ನನ್ನ ಕೆಲಸ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಬರುವ ಹಳೆಯ ರೋಲರುಗಳ ಮೇಲೆ ಲೇಸರ್ ಆಡಿಸಿದರೆ ತುಕ್ಕು ಹೊಗೆಯಾಗಿ ಹಾರಿಹೋಗುತ್ತದೆ. ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಕಬ್ಬಿಣಕ್ಕೆ ಬಡಿದು ಮುಖದತ್ತ ತಿರುಗಿದರೆ ಮಾತ್ರ ಕಣ್ಣನ್ನೇ ಸುಡುತ್ತದೆ. ಅದನ್ನು ತಡೆಯಲೆಂದೇ ಫಿಲ್ಟರ್ ಗಾಜಿನ ಕನ್ನಡಕವಿದೆ. ಗಾಜಿನ ಮೇಲೊಂದು ತೆಳುವಾದ ಲೇಪ. ವಾರೆಯಾಗಿ ಹಿಡಿದರೆ ನೀರಿಗೆ ಬಿದ್ದ ಎಣ್ಣೆಯ ಹಾಗೆ ಬಣ್ಣಬಣ್ಣ. ಕಣ್ಣು ಕಾಯುವುದು ಆ ಲೇಪವೇ.

ಆಯುಧಪೂಜೆಗೆ ಮಾಲೀಕರ ತಾಯಿಯೇ ಬಂದು ಸ್ಪ್ಯಾನರು, ಸುತ್ತಿಗೆ ಎಲ್ಲವನ್ನೂ ತೊಳೆದು, ವಿಭೂತಿ ಹಚ್ಚಿ, ಸಾಲಾಗಿ ಇಡುತ್ತಾರೆ. ಪೂಜೆಗೆ ಕೂತ ಸಾಮಾನನ್ನು ಅವತ್ತು ಯಾರೂ ಮುಟ್ಟುವ ಹಾಗಿಲ್ಲ. ಮುಟ್ಟಿದವನ ಕತೆ ಮುಗಿಯಿತು, ಆ ತಾಯಿಯ ಬಾಯಿಗೆ ಮಾಲೀಕರೇ ಹೆದರುತ್ತಾರೆ.

ಒಂದು ವರ್ಷ ಪೂಜೆಯ ಮರುದಿನ ಬೆಳಿಗ್ಗೆ, ಆ ಸಾಲಿನಲ್ಲಿದ್ದ ನನ್ನ ಕನ್ನಡಕ ಹಾಕಿಕೊಂಡೆ. ಎಂದೂ ಇಲ್ಲದಷ್ಟು ತಿಳಿಯಾಗಿ ಕಾಣುತ್ತಿತ್ತು. ಖುಷಿಯಾಯಿತು. ಪೂಜೆಯ ಹೂವು ಗುಡಿಸುತ್ತಿದ್ದ ಆ ತಾಯಿಗೆ ಲೇಸರಿನ ಸ್ವಿಚ್ಚಿನ ಮೇಲೆ ಕೈಯಿಟ್ಟುಕೊಂಡೇ ಕೂಗಿ ಹೇಳಿದೆ.

“ಅವ್ವಾರ, ಕನ್ನಡಕ ಮಸ್ತ್ ಆಗೈತ್ರಿ!”

“ಆಗದ ಏನ್ಮಾಡ್ತೈತಿ? ಅದೇನೋ ಬಣ್ಣಬಣ್ಣದ ಜಿಡ್ಡು ಕುಂತಿತ್ತು. ಹುಣಸಿಹಣ್ಣು, ಬೂದಿ ಹಚ್ಚಿ ತಿಕ್ಕಿ ತಿಕ್ಕಿ ತೆಗದೀನಿ. ನಿಮಗ ಒಂದು ಗಾಜು ಒರಸಾಕ ಬರಂಗಿಲ್ಲ.”

ನನ್ನ ಕೈ ತಾನಾಗಿಯೇ ಸ್ವಿಚ್ಚು ಬಿಟ್ಟಿತು. ಕನ್ನಡಕ ತೆಗೆದು ಬಿಸಿಲಿಗೆ ಹಿಡಿದೆ. ಲೇಪ ಅಂಚಿನಲ್ಲಿ ಒಂದಿಷ್ಟು ಉಳಿದಿತ್ತು, ಅಷ್ಟೇ. ಅದು ಜಿಡ್ಡಲ್ಲ, ನನ್ನ ಕಣ್ಣು ಕಾಯುತ್ತಿದ್ದದ್ದು ಎಂದು ತಿಳಿಸಿ ಹೇಳಿದೆ. ಅವರು ಪೊರಕೆ ಬಿಟ್ಟು ಬಂದು, ನನ್ನ ಗಲ್ಲ ಹಿಡಿದು, ಎರಡೂ ಕಣ್ಣನ್ನು ಹತ್ತಿರದಿಂದ ನೋಡಿದರು.

ಅಷ್ಟರಲ್ಲಿ ಮಾಲೀಕರು ಬಂದು ವಿಷಯ ಕೇಳಿ, “ವೆಲ್ಡಿಂಗ್ ಗಾಜು ಹಾಕ್ಕೊಂಡು ಮುಗಿಸಿಬಿಡು, ಸಂಜಿಗೆ ಲಾರಿ ಬರ್ತೈತಿ” ಎಂದರು. ಆ ಕಪ್ಪು ಗಾಜು ಈ ಬೆಳಕಿಗಾಗಿ ಮಾಡಿದ್ದಲ್ಲ. ಆದರೂ ಮಾಲೀಕರ ಮಾತಿಗೆ ಅದನ್ನೇ ಕೈಗೆತ್ತಿಕೊಂಡೆ.

ತಾಯಿ ಸ್ಟೂಲು ಎಳೆದು ಯಂತ್ರದ ಮುಂದೆಯೇ ಕುಳಿತರು.

“ತಪ್ಪು ನಂದು. ಲಾರಿ ನಾಳೆಗೂ ಬರ್ತೈತಿ. ಇವನ ಕಣ್ಣು ಹೋದ್ರ ಮತ್ತ ಬರ್ತಾವೇನಲೇ?”

ಹೊಸ ಕನ್ನಡಕ ಬರುವವರೆಗೆ ಯಂತ್ರ ನಿಂತೇ ಇತ್ತು. ಆ ತಾಯಿಯ ಋಣ ನನ್ನ ಮೇಲಿದೆ. ಕನ್ನಡಕ ಕೆಡಿಸಿದ್ದೂ ಅವರೇ ಎಂದು ಗೆಳೆಯರು ನಗುತ್ತಾರೆ, ನಗಲಿ.

ಕನ್ನಡಕ ಕೆಟ್ಟ ಆ ದಿನ ಬೇಗನೆ ಬಸ್ಸು ಹಿಡಿದು ಕಮಲಾಪುರದ ಮನೆಗೆ ಬಂದೆ. ರವಿಕೆ ಹೊಲಿಯುತ್ತಿದ್ದ ಹೆಂಡತಿ ತಲೆ ಎತ್ತದೆಯೇ, “ಒಂದೀಟು ಸೂಜಿ ಪೋಣಿಸಿ ಕೊಡ್ರಿ” ಎಂದಳು. ಒಂದೇ ಸಲಕ್ಕೆ ಪೋಣಿಸಿದೆ. ಕೊಟ್ಟು, ಅವಳ ಮುಖವನ್ನೇ ನೋಡುತ್ತ ಕುಳಿತೆ.