ಮಣ್ಣಿಗೆ ತಡವಾಗಿ ಬಂದವನು

ಐದು ವರ್ಷ ಶಾಸಕನಾಗಿದ್ದೆ. ಅಲ್ಲಿಂದ ಈಚೆಗೆ ಮಾಜಿ ಶಾಸಕನಾಗಿದ್ದೇನೆ. ಈ ಎರಡನೆಯ ಹುದ್ದೆಗೆ ಅವಧಿ ಎಂಬುದಿಲ್ಲ, ಸಾಯುವ ತನಕ ಯಾರೂ ಕಿತ್ತುಕೊಳ್ಳುವುದಿಲ್ಲ. ಗಾಂಧಿ ಚೌಕದ ನಮ್ಮ ಮಣೂಕದ ಅಂಗಡಿಯೊಳಗೆ ಯಾರಾದರೂ ಕೈಮುಗಿದುಕೊಂಡು ಬಂದರೆ, ಏನೋ ಕೆಲಸ ಕೇಳಲು ಬಂದಿದ್ದಾರೆಂದು ಈಗಲೂ ನನ್ನ ಬೆನ್ನು ನೆಟ್ಟಗಾಗುತ್ತದೆ. ಅವರು ಒಣದ್ರಾಕ್ಷಿಯ ದರ ಕೇಳಿಕೊಂಡು ಹೋಗುತ್ತಾರೆ.

ಅಂಗಡಿ ನನ್ನೊಬ್ಬನದಲ್ಲ. ಟಿಕೋಟಾದ ಗೆಳೆಯನೊಬ್ಬನ ಜೊತೆ ಸೇರಿ ಹಾಕಿದ್ದು. ನಾನು ಲಿಂಗಾಯತ, ಅವನು ಮುಸಲ್ಮಾನ. ಒಂದೇ ಶಾಲೆಯಲ್ಲಿ ಒಂದೇ ಬೆತ್ತದ ಏಟು ತಿಂದವರು. ಒಂದು ಹಳೆಯ ಮೋಟರ್‌ಸೈಕಲ್ ಮೇಲೆ ಕಳ್ಳಕವಟಗಿಯ ತೋಟಗಳಿಗೆ ಹೋಗುತ್ತಿದ್ದೆವು. ಶೆಡ್ಡಿನ ಬಲೆಯ ಮೇಲೆ ಒಣಗಲು ಹಾಕಿದ ದ್ರಾಕ್ಷಿಯಲ್ಲಿ ಒಂದನ್ನು ತೆಗೆದು ಎರಡು ಬೆರಳ ನಡುವೆ ಒತ್ತಿ, ಇನ್ನೂ ಎಷ್ಟು ದಿನ ಬಿಡಬೇಕೆಂದು ಅವನು ಹೇಳುತ್ತಿದ್ದ. ಹೇಳಿದ್ದು ತಪ್ಪುತ್ತಿರಲಿಲ್ಲ. ನನಗೆ ಆ ಬೆರಳು ಕೊನೆಗೂ ಒಲಿಯಲಿಲ್ಲ. ನನಗೆ ಒಲಿದದ್ದು ಮಾತು. ಆ ಮಾತಿನಿಂದಲೇ ಕೆಟ್ಟೆ. ಮುಂದೆ ಕೋಲ್ಡ್ ಸ್ಟೋರೇಜ್ ಕಟ್ಟಿದೆವು, ನಾಲ್ಕು ಜನ ಗುರುತಿಸುವ ಹಾಗಾದೆವು. ಆಗ ನನಗೆ ಚುನಾವಣೆಗೆ ನಿಲ್ಲುವ ಹುಚ್ಚು ಹಿಡಿಯಿತು.

ಅವನು ಬೇಡವೆನ್ನಲಿಲ್ಲ. ಅಂಗಡಿ ನಾನು ನೋಡಿಕೊಳ್ಳುತ್ತೇನೆ, ನೀನು ಊರೂರು ತಿರುಗು ಎಂದ. ಜೊತೆಗೆ ಒಂದು ಬುದ್ಧಿಮಾತು ಕೊಟ್ಟ. "ಸಭಾ ಮಾಡಿ ಗಂಟಲಾ ಹರಕೋಬ್ಯಾಡ. ಮಣ್ಣಿಗಿ ಹೋಗು," ಎಂದ.

ನಮ್ಮ ಕಡೆ ಮದುವೆ ತಪ್ಪಿಸಿದರೆ ನಡೆಯುತ್ತದೆ, ಮಣ್ಣು ತಪ್ಪಿಸಿದರೆ ನಡೆಯುವುದಿಲ್ಲ. ನಮ್ಮಲ್ಲೂ ಹೂಳುತ್ತಾರೆ, ಅವರಲ್ಲೂ ಹೂಳುತ್ತಾರೆ. ಹೋದವರು ಕುಣಿಯೊಳಗೆ ಒಂದು ಹಿಡಿ ಮಣ್ಣು ಹಾಕಿ ಬರಬೇಕು. ಯಾರು ಹಾಕಿದರು, ಯಾರು ಮುಖ ತೋರಿಸಲಿಲ್ಲ ಎಂಬುದನ್ನು ಆ ಮನೆಯವರು ಮಕ್ಕಳಿಗೂ ಹೇಳಿ ಹೋಗುತ್ತಾರೆ. ನಾನು ಗೆಳೆಯನ ಮಾತು ಕೇಳಿದೆ. ಒಂದೂವರೆ ವರ್ಷ ಯಾರ ಮಣ್ಣನ್ನೂ ಬಿಡಲಿಲ್ಲ. ಗೆದ್ದೆ.

ಗೆದ್ದ ಮೇಲೆ ಅದಕ್ಕೊಂದು ವ್ಯವಸ್ಥೆಯೇ ಆಯಿತು. ಸಾವಿನ ಸುದ್ದಿ ಮುಟ್ಟಿಸಲು ಊರಿಗೊಬ್ಬ ಇದ್ದ. ಕಾರಿನ ಡಿಕ್ಕಿಯಲ್ಲಿ ಸದಾ ಎರಡು ಹಾರ. ನನ್ನ ಆಪ್ತ ಸಹಾಯಕ ಸತ್ತವರ ಮನೆಗೆ ಫೋನ್ ಮಾಡಿ, ಸಾಹೇಬರು ಹೊರಟಿದ್ದಾರೆ, ಅವರು ಬರುವ ತನಕ ಎತ್ತಬೇಡಿ ಎನ್ನುತ್ತಿದ್ದ. ಜನ ಕಾಯುತ್ತಿದ್ದರು. ಅರ್ಧ ದಿನ ಕಾದದ್ದೂ ಉಂಟು. ಶಾಸಕರು ಬಂದು ಮಣ್ಣು ಹಾಕಿದರು ಎಂಬುದು ಅವರಿಗೆ ಹೆಮ್ಮೆ. ಹೀಗೆ ಮೂರ್ನಾಲ್ಕು ವರ್ಷ ನಡೆದರೆ ಎಂಥವನಿಗೂ ತಲೆ ತಿರುಗುತ್ತದೆ. ಸತ್ತವರು ನನಗಾಗಿ ಕಾಯುವುದು ಸಹಜವೆಂದೇ ನಾನು ನಂಬಿಬಿಟ್ಟಿದ್ದೆ.

ಅಷ್ಟರಲ್ಲಿ ಅಂಗಡಿಗೆ ಹೋಗುವುದು ಬಿಟ್ಟೇ ಹೋಗಿತ್ತು. ಗೆಳೆಯ ಒಬ್ಬನೇ ಎಲ್ಲ ಎಳೆಯುತ್ತಿದ್ದ. ಅವನಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುತ್ತಿದೆ ಎಂದು ಯಾರೋ ಹೇಳಿದ್ದರು. ಡಾಕ್ಟರಿಗೆ ತೋರಿಸಲು ಹೇಳಿ ಎಂದು ಸಹಾಯಕನಿಗೆ ಹೇಳಿದೆ. ನನ್ನ ಗೆಳೆಯನಿಗೆ ನಾನು ಸಹಾಯಕನ ಬಾಯಿಂದ ಹೇಳಿಸಿದೆ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಅವನು ಒಂದು ಬೆಳಗ್ಗೆ ಟಿಕೋಟಾದ ಮನೆಯಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಅದಕ್ಕೆ ಹಿಂದಿನ ಸಂಜೆ ಬಬಲೇಶ್ವರದಲ್ಲಿ ಒಬ್ಬ ಹಿರಿಯ ಮುಖಂಡರು ತೀರಿಕೊಂಡಿದ್ದರು. ಆ ಕಡೆಯ ಹತ್ತು ಹಳ್ಳಿಗಳು ಅವರ ಮಾತು ಮೀರುತ್ತಿರಲಿಲ್ಲ, ಚುನಾವಣೆ ಹತ್ತಿರ ಬಂದಿತ್ತು. ಬಬಲೇಶ್ವರದ್ದು ಹನ್ನೊಂದಕ್ಕೆ, ಟಿಕೋಟಾದ್ದು ಮಧ್ಯಾಹ್ನದ ನಮಾಜಿನ ನಂತರ. ನಡುವೆ ಅರ್ಧ ಮುಕ್ಕಾಲು ಗಂಟೆಯ ದಾರಿ. ಮೊದಲು ಬಬಲೇಶ್ವರ ಮುಗಿಸಿಕೊಂಡು ಹೋಗೋಣ ಎಂದೆ. ನಮ್ಮವರಲ್ಲಿ ಹೆಣವನ್ನು ಕೂರಿಸಿ, ಭಜನೆ ಹಚ್ಚಿ, ಬೀಗರು ಬಿಜ್ಜರು ಬರುವ ತನಕ ಎಷ್ಟು ಹೊತ್ತಾದರೂ ಇಟ್ಟುಕೊಳ್ಳುತ್ತಾರೆ. ಅವರಲ್ಲಿ ಆದಷ್ಟು ಬೇಗ ಮಣ್ಣಿಗೆ ಒಪ್ಪಿಸಬೇಕು. ಅಂದ ಮೇಲೆ ಮೊದಲು ಟಿಕೋಟಾಕ್ಕೆ ಹೋಗಬೇಕಿತ್ತು. ನೂರಾರು ಮಣ್ಣು ಮಾಡಿ ಬಂದವನಿಗೆ ಇಷ್ಟು ತಿಳಿಯಲಿಲ್ಲವೇ? ತಿಳಿದಿತ್ತು. ತಿಳಿದೇ ಬಬಲೇಶ್ವರಕ್ಕೆ ಹೋದೆ.

ಅಲ್ಲಿ ಮಂತ್ರಿಗಳು ಬರುವವರಿದ್ದರು. ಹನ್ನೆರಡಾಯಿತು, ಒಂದಾಯಿತು. ಗೆಳೆಯನ ಮಗನಿಗೆ ಸಹಾಯಕನ ಕೈಲಿ ಮಾಡಿಸದೆ ನಾನೇ ಫೋನ್ ಮಾಡಿದೆ. ಅದೇ ದೊಡ್ಡ ಮರ್ಯಾದೆ ಎಂದುಕೊಂಡಿದ್ದೆ. ನಾನು ಬರುವ ತನಕ ಎತ್ತಬೇಡಿ ಎಂದೆ. ಹುಟ್ಟಿದಾಗಿನಿಂದ ನನ್ನ ತೊಡೆಯ ಮೇಲೆ ಆಡಿದ ಹುಡುಗ, "ಹೂಂ ಕಾಕಾ," ಎಂದಷ್ಟೇ ಹೇಳಿ ಇಟ್ಟ. ಮಂತ್ರಿಗಳು ಬಂದದ್ದು ನಾಲ್ಕಕ್ಕೆ. ಬಂದ ಮೇಲೆ ಮೈಕಿನಲ್ಲಿ ಎರಡು ಮಾತು, ಆಮೇಲೆ ಅವರ ಪಕ್ಕ ನಿಲ್ಲಲು ನೂಕುನುಗ್ಗಲು. ನಾನೂ ನೂಕಿದೆ. ಫೋಟೋದಲ್ಲಿ ಬಂದಿದ್ದೇನೆ.

ಟಿಕೋಟಾ ಮುಟ್ಟಿದಾಗ ಜನ ಖಬರಸ್ತಾನದಿಂದ ತಿರುಗಿ ಬರುತ್ತಿದ್ದರು. ಸಂಜೆಯ ನಮಾಜಿನ ತನಕ ತಡೆದು, ಆಮೇಲೆ ಒಪ್ಪಿಸಿದ್ದರು. ಗೋರಿಯ ಮೇಲೆ ಚಿಮುಕಿಸಿದ ನೀರು ಇನ್ನೂ ಆರಿರಲಿಲ್ಲ. ನನ್ನ ಹಣೆಯ ಮೇಲೆ ಬಬಲೇಶ್ವರದ ವಿಭೂತಿ, ಉಗುರಿನೊಳಗೆ ಬಬಲೇಶ್ವರದ ಮಣ್ಣು. ಸಹಾಯಕ ಡಿಕ್ಕಿ ತೆಗೆದು ಉಳಿದ ಹಾರ ಹಿಡಿದುಕೊಂಡು ಓಡಿ ಬಂದ. ಅವನಿಗೆ ಎಲ್ಲರೆದುರು ಬೈದೆ. ಪಾಪ, ಅವನದೇನು ತಪ್ಪು.

ಗೆಳೆಯನ ಮಗ ಬಂದು ಎದುರು ನಿಂತ. "ಕಾಯೂ ಅಷ್ಟು ಕಾದ್ವಿರಿ, ಸಾಹೇಬ್ರ," ಎಂದ. ಮಧ್ಯಾಹ್ನ ಕಾಕಾ ಆಗಿದ್ದವನು ಸಂಜೆಗೆ ಸಾಹೇಬನಾದೆ.

ಚುನಾವಣೆಯಲ್ಲಿ ಸೋತೆ. ಇದಕ್ಕಾಗಿ ಜನ ನನ್ನನ್ನು ಸೋಲಿಸಿದರು ಎಂದು ಹೇಳಿಕೊಂಡರೆ ನನಗೂ ಸಮಾಧಾನ ಇರುತ್ತಿತ್ತು, ಆದರೆ ಅದು ಸುಳ್ಳು. ನಾನು ಇಡೀ ದಿನ ನಿಂತು ಮಣ್ಣು ಹಾಕಿದೆನಲ್ಲ, ಆ ಮುಖಂಡರ ಮಕ್ಕಳೇ ಎದುರಾಳಿಯ ವೇದಿಕೆ ಹತ್ತಿದ್ದರು. ಟಿಕೋಟಾದವರು ಎಂದಿನಂತೆ ನನಗೇ ವೋಟು ಹಾಕಿದ್ದರು. ಮುಂದಿನ ಸಲ ಪಕ್ಷ ಟಿಕೆಟ್ ಕೊಡಲಿಲ್ಲ. ಹಟಕ್ಕೆ ಬಿದ್ದು ಪಕ್ಷೇತರನಾಗಿ ನಿಂತು ಠೇವಣಿಯನ್ನೂ ಕಳೆದುಕೊಂಡೆ. ಅದಾದ ಮೇಲೆ ಒಮ್ಮೆ ಭೂತನಾಳದಲ್ಲಿ ಪರಿಚಯದವರೊಬ್ಬರ ಮಣ್ಣಿಗೆ ಹೊರಟು, ಬರುತ್ತಿದ್ದೇನೆ ಎಂದು ಫೋನ್ ಮಾಡಿದೆ. ಹೋಗುವಷ್ಟರಲ್ಲಿ ಎಲ್ಲ ಮುಗಿಸಿ ಕೈಕಾಲು ತೊಳೆದುಕೊಳ್ಳುತ್ತಿದ್ದರು. ಬಿಸಿಲು ಬಹಳ ಇತ್ತು, ಅದಕ್ಕೆ ಕಾಯಲಿಲ್ಲ ಎಂದು ಸಂಕೋಚವಿಲ್ಲದೆ ಹೇಳಿದರು.

ಹೀಗೆ ಮತ್ತೆ ಅಂಗಡಿಗೆ ಬಂದು ಕೂತೆ. ಗೆಳೆಯನ ಪಾಲನ್ನು ಈಗ ಅವನ ಮಗ ನೋಡುತ್ತಾನೆ. ಅಪ್ಪನ ಬೆರಳು ಅವನಿಗೆ ಬಂದಿದೆ. ವ್ಯವಹಾರದಲ್ಲಿ ಒಂದು ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಮಾಲು, ದರ, ಲಾರಿ, ಇಷ್ಟೇ ಮಾತು. ತನ್ನ ಮದುವೆಗೆ ಪತ್ರಿಕೆ ಕೊಟ್ಟ, ಎಲ್ಲ ವ್ಯಾಪಾರಿಗಳಿಗೆ ಕೊಟ್ಟ ಹಾಗೆ. ನನಗೆ ಶಾಸಕಗಿರಿ ಹೋದದ್ದು ಅಷ್ಟು ಸುಡಲಿಲ್ಲ, ಆ ಮನೆ ಹೋದದ್ದು ಸುಟ್ಟಿತು. ನನ್ನ ಅಧಿಕಾರದ ಸೊಕ್ಕಿನಿಂದ ಅವರ ಹೆಣವನ್ನು ತಡೆಹಿಡಿಸಿದೆನಲ್ಲ, ಆ ಸಿಟ್ಟು ಇರಬೇಕೆಂದು ತಿಳಿದಿದ್ದೆ. ಗೆಳೆಯನ ಹೆಂಡತಿಯ ಎದುರು ಕೂತು ತಪ್ಪಾಯಿತು ಎಂದರೆ ಎಲ್ಲ ಸರಿಹೋಗುತ್ತದೆ ಎಂಬ ಆಸೆ. ಆದರೆ ಮೊದಲ ನಾಲ್ಕು ತಿಂಗಳು ಹತ್ತು ದಿನ ಅವರು ಗಂಡ ಸತ್ತ ಮೇಲಿನ ಇದ್ದತ್ತಿನಲ್ಲಿದ್ದರು, ಪರ ಗಂಡಸರ ಎದುರು ಬರುವಂತಿರಲಿಲ್ಲ. ಆಮೇಲೆ ಚುನಾವಣೆ ಬಂತು. ಆಮೇಲೆ ಸೋಲು, ಮುಖ ತೋರಿಸಲು ನಾಚಿಕೆ. ನೆವಗಳಿಗೆ ನನ್ನಲ್ಲಿ ಎಂದೂ ಬರವಿರಲಿಲ್ಲ.

ಕಳೆದ ಚಳಿಗಾಲದಲ್ಲಿ ಕೊನೆಗೂ ಆ ಮನೆಗೆ ಒಬ್ಬನೇ ಹೋದೆ. ಮಗ ತೋಟಗಳ ಕಡೆ ಹೋಗಿದ್ದ. ಗೆಳೆಯನ ಹೆಂಡತಿಯನ್ನು ನಾನು ಭಾಬಿ ಎನ್ನುವುದು; ಅವರು ಸೊಸೆಯ ಕೈಲಿ ಚಹಾ ಮಾಡಿಸಿದರು, ಮೊಣಕಾಲು ನೋವಿನ ಮಾತಾಡಿದರು, ನನ್ನ ಹೆಂಡತಿಯನ್ನು ವಿಚಾರಿಸಿದರು. ಸಿಟ್ಟಿನ ಸುಳಿವೇ ಇರಲಿಲ್ಲ. ಅದರಿಂದ ಧೈರ್ಯ ಬಂತು.

"ಭಾಬಿ, ಅವತ್ತ ಫೋನ್ ಮಾಡಿ ನಿಮ್ಮನ್ನ ಕಾಯಾಕ ಹಚ್ಚಿದ್ನಲ್ಲ, ದೊಡ್ಡ ತಪ್ಪಾತು. ಎಮ್ಮೆಲ್ಲೆ ಅನ್ನೂ ಸೊಕ್ಕಿತ್ತು ನನಗ," ಎಂದೆ.

ಅವರು ಅರ್ಥವಾಗದವರ ಹಾಗೆ ನನ್ನನ್ನು ನೋಡಿದರು. ಫೋನಿನ ಮಾತು ಮಗ ಬಂದು ಹೇಳಿದ್ದನಂತೆ. ಜಮಾತಿನ ಹಿರಿಯರು ರೇಗಿ, ಯಾವ ಸಾಹೇಬನಿಗೂ ನಮಾಜು ಕಾಯುವುದಿಲ್ಲ, ಈಗಲೇ ಎತ್ತಿ ಎಂದರಂತೆ. ಮಗನೂ ಎತ್ತೋಣ ಎಂದನಂತೆ.

"ನಿಮ್ಮ ಫೋನಿಗಿ ಯಾರೂ ಕಾದಿಲ್ರಿ ಅಣ್ಣಾರ," ಎಂದರು. "ನಾನ ಎತ್ತಗೊಡ್ಲಿಲ್ಲ. ಬೆಳಿಗ್ಗೆ ಎದಿ ಹಿಡಕೊಂಡು ಕುಂತಾಗ ಅವ್ರ ನನಗ ಹೇಳಿದ್ರು. ಅಂವಾ ಬರೂತನಕ ತಡೀರಿ, ಯಾರ ಮಣ್ಣ ತಪ್ಪಿಸಿದ್ರೂ ನಂದು ತಪ್ಪಸಂಗಿಲ್ಲ ಅಂದ್ರು. ಅದಕ್ಕ ಹಿರ್ಯಾರ ಕಾಲ ಹಿಡಕೊಂಡು ಸಂಜೀತನಕ ನಿಲ್ಲಿಸೇನ್ರಿ."

ಅವರ ದನಿಯಲ್ಲಿ ದೂರು ಇರಲಿಲ್ಲ. ಚಹಾ ಆರುತ್ತಿದೆ, ಕುಡಿಯಿರಿ ಎಂದರು. ನಾನು ಕುಡಿದೆ. ಶಾಸಕನಿಗಾಗಿ ಆ ಮನೆಯವರು ಒಂದು ಗಳಿಗೆಯೂ ಕಾದಿರಲಿಲ್ಲ. ಸತ್ತವನ ಗೆಳೆಯನಿಗಾಗಿ ಕಾದಿದ್ದರು, ಆ ಗೆಳೆಯ ಬರಲಿಲ್ಲ.