ಮುಟ್ಟದ ಅನ್ನ

ಮನುಷ್ಯರ ಮನಸ್ಸು ಕಾಗೆಗೆ ತಿಳಿಯುತ್ತದೆಯೇ ಎಂಬುದು ವಸುಂಧರಾಳ ಸಂಶೋಧನೆ. ಲಾಕ್‌ಡೌನ್‌ನಲ್ಲಿ ಲ್ಯಾಬ್ ಮುಚ್ಚಿದ ಮೇಲೆ ಬ್ಲಾಂಚರ್ಡ್ಸ್‌ಟೌನಿನ ಮನೆಯ ಹಿತ್ತಲ ಗೋಡೆಯ ಮೇಲೆ ದಿನವೂ ಎಂಟಕ್ಕೆ ಅನ್ನವಿಟ್ಟು, ಕಾಗೆಗಳು ತಿನ್ನುವುದನ್ನು ಬರೆದುಕೊಳ್ಳುತ್ತಿದ್ದಳು.

"ಐರಿಶ್ ಕಾಗೆಗೆ ಪಿತೃಪಕ್ಷ ಗೊತ್ತಾ?" ಎಂದು ಗಂಡ ಚಂದ್ರಕಾಂತ ಛೇಡಿಸುತ್ತಿದ್ದ.

"ಇದು ಸೈನ್ಸು ಕಣ್ರೀ, ತಿಥಿ ಅಲ್ಲ!" ಎಂದು ರೇಗುತ್ತಿದ್ದಳು.

ಆ ಮಂಗಳವಾರ ಒಂಬತ್ತು ಕಾಗೆಗಳು ಬಂದು ಸಾಲಾಗಿ ಕೂತವು. ಒಂದೂ ಅನ್ನ ಮುಟ್ಟಲಿಲ್ಲ, ಇವಳನ್ನೇ ನೋಡುತ್ತಿದ್ದವು. ಅಷ್ಟರಲ್ಲಿ ಮೈಸೂರಿನಿಂದ ತಮ್ಮನ ಫೋನ್ ಬಂತು.

"ಅಕ್ಕಾ, ಅಪ್ಪ ಹೋಗ್ಬಿಟ್ರು. ನಿನ್ನ ನೋಡ್ಬೇಕು, ನೋಡ್ಬೇಕು ಅಂತಲೇ ಇದ್ರು."

ವಿಮಾನಗಳಿರಲಿಲ್ಲ. ವಸುಂಧರಾ ಗೋಡೆಯ ಹತ್ತಿರ ಹೋದಳು. ಜಾಕೆಟ್ಟಿನ ಟೋಪಿ ಸರಿಸಿ, ಕಣ್ಣೊರೆಸಿಕೊಂಡು, ಮುಖವೆತ್ತಿ ನಿಂತಳು.

"ನೋಡಿ ಅಪ್ಪಾ."

ಕಾಗೆಗಳು ಬಹಳ ಹೊತ್ತು ನೋಡಿದವು. ಆಮೇಲೆ ಒಂಬತ್ತು ಕೊಕ್ಕುಗಳೂ ಒಟ್ಟಿಗೆ ಅನ್ನಕ್ಕೆ ಬಾಗಿದವು.